ಮರೆವಿನವರ ‘ಚಟುವಟಿಕೆ ಪೆಟ್ಟಿಗೆ’: ಅರ್ಧ ಇಟ್ಟುಕೊಳ್ಳಿ, ಉಳಿದದ್ದನ್ನು ಪೇಟೆಯಿಂದ ತನ್ನಿ

ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇರುವ ಹಿರಿಯರಿಗೆಂದು ಆನ್‌ಲೈನ್‌ನಲ್ಲಿ ಮಾರುವ ಪೆಟ್ಟಿಗೆಗಳಲ್ಲಿ ಹೆಚ್ಚುಕಡಿಮೆ ಇವೇ ಸಾಮಾನು: ಜಿಗ್‌ಸಾ ಚಿತ್ರ, ಪೋಣಿಸುವ ಮಣಿ, ಜಿಪ್ಪು–ಗುಂಡಿ ಹೊಲಿದ ಬಟ್ಟೆ, ಚಿತ್ರದ ಕಾರ್ಡು, ಬಣ್ಣ ತುಂಬುವ ಪುಸ್ತಕ. ಸಾಮಾನು ಗಟ್ಟಿಮುಟ್ಟಾಗಿಯೇ ಇರುತ್ತವೆ. ತಕರಾರು ಬೇರೆ. ಡಿಮೆನ್ಶಿಯಾದಲ್ಲಿ ಹೆಚ್ಚಾಗಿ ಕಾಣುವ ಆಲ್ಝೈಮರ್ ಕಾಯಿಲೆಯಲ್ಲಿ ಹೊಸದನ್ನು ಕಲಿತು ನೆನಪಿಡುವ ಶಕ್ತಿ ಮೊದಲೇ ಕುಗ್ಗುತ್ತದೆ, ಕೈಗೆ ಕೂತ ಕೆಲಸ ಬಹಳ ಕಾಲ ಉಳಿಯುತ್ತದೆ. ದಾವಣಗೆರೆಯ ಅಜ್ಜಿಯ ಕೈಗೆ ಕೂತಿರುವುದು ಹೂ ಕಟ್ಟುವುದು, ಮೊರ ಹಿಡಿಯುವುದು. ಜಿಪ್ಪು ಅವರಿಗೆ ಹೊಸ ಪಾಠ.

ಜಿಗ್‌ಸಾದಿಂದ ಶುರು ಮಾಡೋಣ. ಹಿಮ ಬಿದ್ದ ಗುಡಿಸಲಿನ ಚಿತ್ರ, ನೂರು ತುಂಡು. ಐದೇ ನಿಮಿಷಕ್ಕೆ ಕೈಬಿಟ್ಟರೆ ತಪ್ಪು ಅವರದಲ್ಲ. ಆರು ತುಂಡಿನಿಂದ ಆರಂಭಿಸಿ, ಸಲೀಸಾದರೆ ಹನ್ನೆರಡು, ಆಮೇಲೆ ಇಪ್ಪತ್ನಾಲ್ಕು. ಇದನ್ನು ಕೊಳ್ಳುವುದೇ ಬೇಡ. ಫ್ಲೆಕ್ಸ್ ಅಂಗಡಿಯಲ್ಲಿ ಎ4 ಅಳತೆಯ ಫೋಟೊವನ್ನು ಸನ್‌ಬೋರ್ಡಿಗೆ (ಹಗುರವಾದ ಫೋಮ್ ಹಲಗೆ) ಅಂಟಿಸಿ ಆರು ನೇರ ಪಟ್ಟಿಯಾಗಿ ಕತ್ತರಿಸಿಕೊಡುತ್ತಾರೆ. ಹೊಳೆಯುವ ಲ್ಯಾಮಿನೇಶನ್ ಬೇಡ, ಟ್ಯೂಬ್‌ಲೈಟಿನ ಬೆಳಕು ಬಿದ್ದು ಚಿತ್ರವೇ ಕಾಣುವುದಿಲ್ಲ. ಚಿತ್ರ ಆರಿಸುವಾಗಲೂ ಎಚ್ಚರ: ದಾವಣಗೆರೆಯ ಗಾಜಿನ ಮನೆ ಚೆಂದವೇ, ಆದರೆ ಅದು ಈಚಿನದು. ಹರೆಯದ ನೆನಪು ಗಟ್ಟಿಯಾಗಿ ಉಳಿಯುವುದರಿಂದ ದುಗ್ಗಮ್ಮನ ಜಾತ್ರೆ, ಹಳೆಯ ಕಾಟನ್ ಮಿಲ್ಲು, ದುರ್ಗದ ಕಡೆಯವರಾದರೆ ಓಬವ್ವನ ಕಿಂಡಿ ವಾಸಿ.

ಗುಂಡಿಯ ಬಟ್ಟೆ ಪೆಟ್ಟಿಗೆಯಲ್ಲೇ ಅಪಾಯದ ವಸ್ತು. ಬಂದ ದಿನವೇ ಒಂದೊಂದು ಗುಂಡಿಯನ್ನೂ ಜೋರಾಗಿ ಎಳೆದು ನೋಡಿ. ಸಡಿಲವಿದ್ದದ್ದು ಬಾಯಿಗೆ ಹೋಗುತ್ತದೆ. ಬಟ್ಟೆಯ ಬದಲು ಹತ್ತು ಹತ್ತಿ ಟವೆಲ್, ಎರಡು ಪಂಚೆ ಮಡಿಸಲು ಕೊಡಿ. ಮಿಲ್ಲಿನಲ್ಲಿ ದುಡಿದವರಿಗೆ ದಪ್ಪ ನೂಲಿನ ಲಡಿ ಕೊಟ್ಟರೆ ಉಂಡೆ ಸುತ್ತುತ್ತಾ ಕೂರುತ್ತಾರೆ. ಚಳ್ಳಕೆರೆಯ ಕಂಬಳಿಯನ್ನು ಮುಟ್ಟಲು ಕೊಡಬಹುದು, ಬರಿಮೈ ಮೇಲೆ ಮಾತ್ರ ಹಾಕಬೇಡಿ. ವಯಸ್ಸಾದವರ ತೆಳು ಚರ್ಮ ತರಚುತ್ತದೆ.

ಮಣಿಗಳನ್ನು ಉಳಿಸಿಕೊಳ್ಳಿ, ತೂತು ದೊಡ್ಡದಿದ್ದರೆ. ದಾರದ ತುದಿಗೆ ಟೇಪು ಸುತ್ತಿ ಬಿರುಸು ಮಾಡಿ. ಬಣ್ಣದ ಪುಸ್ತಕದಲ್ಲಿ ಬಣ್ಣ ತುಂಬುವ ಜಾಗಗಳು ತೀರಾ ಸಣ್ಣ. ಸ್ಲೇಟಿನ ಮೇಲೆ ನಾಲ್ಕು ಚುಕ್ಕಿ ನಾಲ್ಕು ಸಾಲು ಹಾಕಿಕೊಟ್ಟರೆ ರಂಗೋಲಿ ಎಳೆ ತಾನೇ ಬರುತ್ತದೆ. ಚಿತ್ರದ ಕಾರ್ಡು ಕೆಟ್ಟದ್ದಲ್ಲ, ಅದನ್ನು ಹಿಡಿದು ‘ಇದೇನು, ನೆನಪಿದೆಯಾ?’ ಎಂದು ಪರೀಕ್ಷೆ ಮಾಡುವುದು ಕೆಟ್ಟದ್ದು.

ಪೆಟ್ಟಿಗೆಯಲ್ಲಿ ಇಲ್ಲದ, ಆದರೆ ಎಲ್ಲಕ್ಕಿಂತ ಚೆನ್ನಾಗಿ ನಡೆಯುವ ಸಾಮಾನು ದಾವಣಗೆರೆಯದೇ: ಮಂಡಕ್ಕಿ. ಎರಡು ಸೇರು ಮಂಡಕ್ಕಿಯನ್ನು ಅಗಲ ಬುಟ್ಟಿಗೆ ಸುರಿದು ಎಡಕ್ಕಿಡಿ, ಬಲಕ್ಕೆ ಖಾಲಿ ಡಬ್ಬಿ, ನಡುವೆ ಒಂದು ಪಾವು. ತುಂಬಿ ತುಂಬಿ ಡಬ್ಬಿಗೆ ಹಾಕುವುದಷ್ಟೇ ಕೆಲಸ. ಭಾರವಿಲ್ಲ, ಚೆಲ್ಲಿದರೆ ಒಡೆಯುವುದಿಲ್ಲ, ಸದ್ದು ಹಿತವಾಗಿದೆ. ಸ್ಟೀಲ್ ಪರಾತದಲ್ಲಿ ಬಿಳಿ ಮಂಡಕ್ಕಿ ಕಣ್ಣಿಗೆ ಹತ್ತುವುದಿಲ್ಲ, ಕಡುನೀಲಿ ಅಥವಾ ಕೆಂಪು ಪ್ಲಾಸ್ಟಿಕ್ ಬುಟ್ಟಿಯೇ ಬೇಕು. ಡಬ್ಬಿ ತುಂಬಿದ ಮೇಲೆ ಅವರೆದುರೇ ಬುಟ್ಟಿಗೆ ವಾಪಸ್ ಸುರಿದು ‘ಇನ್ನೊಮ್ಮೆ’ ಎನ್ನಬೇಡಿ. ಮಾಡಿದ ಕೆಲಸಕ್ಕೆ ಬೆಲೆಯಿಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಒಳಗೆ ಒಯ್ದು ಒಗ್ಗರಣೆಗೆ ಬಳಸಿ. ನುಂಗಲು ಕಷ್ಟಪಡುವವರ ಮುಂದೆ ಮಂಡಕ್ಕಿಯೂ ಬೇಡ, ಶೇಂಗಾ ಸುಲಿಸುವುದೂ ಬೇಡ. ಅವರಿಗೆ ಟವೆಲ್ಲೇ ಸಾಕು.

ಹೂ ಕಟ್ಟಲು ಮಲ್ಲಿಗೆ ಮೊಗ್ಗು ಬೇಡ. ಸೇವಂತಿಗೆ ಅಥವಾ ಚೆಂಡು ಹೂ ಕಾಲು ಕಿಲೊ, ನೆನೆಸಿದ ಬಾಳೆನಾರು. ಮೊದಲ ಎರಡು ಗಂಟು ನೀವೇ ಹಾಕಿ, ಶುರುವಾದ ಮಾಲೆಯನ್ನೇ ಕೈಗೆ ಕೊಡಿ. ಶುರು ಮಾಡುವುದೇ ಅವರಿಗೆ ಕಷ್ಟ, ಮುಂದುವರಿಸುವುದು ಅಷ್ಟು ಕಷ್ಟವಲ್ಲ. ಮಾತಿಲ್ಲದೆ ನಿಧಾನವಾಗಿ ಮಾಡಿ ತೋರಿಸಿ. ಕೈ ನೋಡುತ್ತಾ ಮಾತೂ ಕೇಳುವುದು ಎರಡು ಕೆಲಸವಾಗುತ್ತದೆ. ‘ಬಾ, ಆಟ ಆಡೋಣ’ ಅಂದರೆ ಎಪ್ಪತ್ತು ದಾಟಿದವರಿಗೆ ಸಿಟ್ಟು ಬರುವುದು ಸಹಜ. ‘ಅವ್ವಾ, ಇದಕ್ಕೊಂದೀಟು ಕೈ ಹಚ್ಚು’ ಅನ್ನಿ.

ಹೊತ್ತು ಬೆಳಿಗ್ಗೆ ತಿಂಡಿಯಾದ ಮೇಲೆ, ಇಪ್ಪತ್ತು ನಿಮಿಷ. ಸಂಜೆಯಾಗುತ್ತ ಕಸಿವಿಸಿ ಹೆಚ್ಚುವವರಿಗೆ ಆ ಹೊತ್ತಿನಲ್ಲಿ ಹೊಸದೇನನ್ನೂ ಮುಂದಿಡಬೇಡಿ. ಟಿವಿ ಬಂದ್ ಮಾಡಿ, ಕನ್ನಡಕ ಒರೆಸಿ ಹಾಕಿ, ಕಾಲು ನೆಲಕ್ಕೆ ತಾಗುವ ಕುರ್ಚಿ ಕೊಡಿ. ಒಂದು ಸಲಕ್ಕೆ ಒಂದೇ ಸಾಮಾನು. ಪೆಟ್ಟಿಗೆಯನ್ನೇ ತೆರೆದು ಮುಂದಿಟ್ಟರೆ ಯಾವುದನ್ನೂ ಮುಟ್ಟುವುದಿಲ್ಲ.

ಕಾಯಿಲೆ ಆರಂಭದಲ್ಲಿದ್ದು ಓದು ಬರಹ ಚೆನ್ನಾಗಿರುವವರಿಗೆ ಪೆಟ್ಟಿಗೆ ಕೊಂಡರೂ ನಷ್ಟವಿಲ್ಲ. ಮುಂದಿನ ಹಂತದವರಿಗೆ ಆ ದುಡ್ಡಿನಲ್ಲಿ ಟವೆಲ್, ಬುಟ್ಟಿ, ನೂಲು ಎಲ್ಲ ಬಂದು ಹೂವಿಗೂ ಉಳಿಯುತ್ತದೆ. ದಿನವೂ ಮಾಡುತ್ತಿದ್ದವರು ಒಂದೆರಡು ದಿನದಲ್ಲೇ ಏಕಾಏಕಿ ಮಂಕಾಗಿ ಏನನ್ನೂ ಮುಟ್ಟದಿದ್ದರೆ ಸಾಮಾನು ಬದಲಿಸುತ್ತಾ ಕೂರಬೇಡಿ. ಮೂತ್ರದ ಸೋಂಕೋ ನೀರಿನಂಶದ ಕೊರತೆಯೋ ಇರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ.