ಸ್ಯಾಂಟ್ರೋ ಝಿಂಗ್: ಹಿಂದಿನ ಸೀಟಿನ ಕೆಳಗೆ ಒಂದು ಮುಚ್ಚಳ

ನಮ್ಮದು 2007ರ ಹ್ಯುಂಡೈ ಸ್ಯಾಂಟ್ರೋ ಝಿಂಗ್ ಕಾರು. ಓಡಿದ್ದು 1,18,000 ಕಿ.ಮೀ. ಈ ಗಾಡಿಯ ಮೈಲೇಜು, ಎತ್ತರ, ಏಸಿ ಬಗ್ಗೆ ಎಲ್ಲರೂ ಬರೆದಾಗಿದೆ. ನಾನು ಬರೆಯುತ್ತಿರುವುದು ಬೇರೆ ವಿಷಯ. ಹಳೇ ಗಾಡಿಯ ಟ್ಯಾಂಕಿನೊಳಗಿಂದ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪ್ ಕೆಟ್ಟರೆ ಅದನ್ನು ಮನೆ ಅಂಗಳದಲ್ಲೇ ಬಿಚ್ಚೋಕೆ ಆಗುತ್ತಾ ಅನ್ನುವುದು. ಸ್ಯಾಂಟ್ರೋದಲ್ಲಿ ಆಗುತ್ತದೆ. ಅದಕ್ಕೇ ಈ ಗಾಡಿಯ ಮೇಲೆ ನನಗೆ ಈಗ ಮೊದಲಿಗಿಂತ ಜಾಸ್ತಿ ಗೌರವ.

ತೊಂದರೆ ಶುರುವಾಗಿದ್ದು ಬೇಸಿಗೆಯಲ್ಲಿ. ಸಾಗರದಿಂದ ಶಿವಮೊಗ್ಗಕ್ಕೆ ಹೊರಟರೆ ಆನಂದಪುರ ದಾಟುವ ಹೊತ್ತಿಗೆ ಪಿಕಪ್ ಹೋಗುತ್ತಿತ್ತು. ಏರಿನಲ್ಲಿ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಗಾಡಿ ಉಸಿರು ಕಟ್ಟಿದ ಹಾಗೆ ಮಾಡುತ್ತಿತ್ತು. ನಿಲ್ಲಿಸಿ ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ. ಒಂದು ದಿನ ಸಂತೆ ಮುಗಿಸಿ ಬಂದು ಸೆಲ್ಫ್ ಹೊಡೆದರೆ ಬರೀ ಸೆಲ್ಫ್ ತಿರುಗಿತು, ಎಂಜಿನ್ ಹಿಡಿಯಲೇ ಇಲ್ಲ.

ನನ್ನ ಅಣ್ಣನ ಮಗ ಐಟಿಐ ಓದಿದವನು. ಅವನು ಬಂದು ಮೊದಲು ಏನನ್ನೂ ಬಿಚ್ಚಲಿಲ್ಲ. "ಅತ್ತೆ, ಕೀ ಆನ್ ಮಾಡು, ಸೆಲ್ಫ್ ಹೊಡೀಬೇಡ" ಅಂದ. ಹಿಂದಿನ ಸೀಟಿಗೆ ಕಿವಿ ಇಟ್ಟು ಕೂತ. ಕೀ ಆನ್ ಮಾಡಿದ ತಕ್ಷಣ ಎರಡು ಸೆಕೆಂಡ್ 'ಗುಂಯ್' ಅಂತ ಸದ್ದು ಬರಬೇಕು. ಪಂಪ್ ಪೈಪಿಗೆ ಪೆಟ್ರೋಲ್ ತುಂಬಿಸುವ ಸದ್ದು ಅದು. ಬರಲಿಲ್ಲ. ಫ್ಯೂಸ್ ನೋಡಿದ, ಸರಿ ಇತ್ತು. ಪಂಪಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ರಿಲೇ, ಬದಲಿಸಿ ನೋಡಿದ, ಅದೂ ಸರಿ. ಆಮೇಲೆ ಟ್ಯಾಂಕಿನ ತಳಕ್ಕೆ ರಬ್ಬರ್ ಚಪ್ಪಲಿಯಿಂದ ನಾಲ್ಕು ಏಟು ಹಾಕಿದ. ನಾನು ಸೆಲ್ಫ್ ಹೊಡೆದೆ. ಗಾಡಿ ಸ್ಟಾರ್ಟ್ ಆಯಿತು! ಪಂಪಿನ ಮೋಟಾರಿನ ಒಳಗೆ ಕರೆಂಟ್ ಮುಟ್ಟಿಸುವ ಬ್ರಶ್ ಸವೆದಿದ್ದರೆ ಹೀಗೆ ಏಟಿಗೆ ಒಂದೆರಡು ಸಲ ತಿರುಗುತ್ತದಂತೆ. ನಂಬಿ ಓಡಿಸುವ ಹಾಗಿಲ್ಲ, ಪತ್ತೆ ಹಚ್ಚೋಕೆ ಮಾತ್ರ.

ಒಂದು ಗ್ಯಾರೇಜಿನಲ್ಲಿ ಕೇಳಿದಾಗ ಟ್ಯಾಂಕ್ ಇಳಿಸಬೇಕು, ಪಂಪಿನ ಪೂರ್ತಿ ಸೆಟ್ ಹಾಕಬೇಕು, ಹತ್ತು ಸಾವಿರದ ಹತ್ತಿರ ಆಗುತ್ತದೆ ಅಂದರು. ಕೆಲವು ಗಾಡಿಗಳಲ್ಲಿ ಟ್ಯಾಂಕ್ ಇಳಿಸದೆ ಬೇರೆ ದಾರಿಯೇ ಇಲ್ಲ, ಅದು ನಿಜ. ಗಾಡಿಯನ್ನು ಎತ್ತರಕ್ಕೆ ಏರಿಸಿ, ಟ್ಯಾಂಕ್ ಖಾಲಿ ಮಾಡಿ, ಜಾಕ್ ಕೊಟ್ಟು ಇಳಿಸಬೇಕು. ಮನೆಯಲ್ಲಿ ಮಾಡುವ ಕೆಲಸ ಅದಲ್ಲ. ಆದರೆ ನಮ್ಮ ಹುಡುಗ ಹಿಂದಿನ ಸೀಟಿನ ಕುಶನ್ ಎತ್ತಿ, ಕಾರ್ಪೆಟ್ ಸರಿಸಿ ತೋರಿಸಿದ. ಅಂಗೈಗಿಂತ ದೊಡ್ಡದೊಂದು ತಗಡಿನ ಮುಚ್ಚಳ. ಅದರ ಕೆಳಗೆ ಪಂಪಿನ ತಲೆ. "ನೋಡತ್ತೆ, ಬಿಚ್ಚೋನ ಕಷ್ಟ ಗೊತ್ತಿದ್ದವನು ಇಟ್ಟ ಮುಚ್ಚಳ ಇದು" ಅಂದ. ಸ್ಯಾಂಟ್ರೋ 1998ರಲ್ಲಿ ಬಂದಿದ್ದು, ಝಿಂಗ್ 2003ರಲ್ಲಿ. ಚೆನ್ನೈ ಹತ್ತಿರದ ಶ್ರೀಪೆರಂಬದೂರಿನಲ್ಲಿ ತಯಾರಾದ ಗಾಡಿ. ಇಷ್ಟು ವರ್ಷ ಆದಮೇಲೂ ಆ ಒಂದು ಮುಚ್ಚಳ ನಮ್ಮ ದುಡ್ಡು ಉಳಿಸಿತು.

ಆವತ್ತು ಮುಚ್ಚಳ ಮಾತ್ರ ತೆಗೆದು, ಪಂಪಿನ ಕನೆಕ್ಟರಿನ ಫೋಟೋ ಹೊಡೆದುಕೊಂಡು, ಹಾಗೇ ಮುಚ್ಚಿಟ್ಟೆವು. ಮರುದಿನ ಬಸ್ಸಿನಲ್ಲಿ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋದೆ. ಅಲ್ಲಿ ಸ್ಪೇರ್ಸ್ ಅಂಗಡಿಯವರು ಫೋಟೋ ನೋಡಿ, ವರ್ಷ ಕೇಳಿ, "ಅಮ್ಮ, ಪೂರ್ತಿ ಸೆಟ್ ಯಾಕೆ, ಮೋಟಾರ್ ಮಾತ್ರ ಹಾಕಿ ಸಾಕು" ಅಂದರು. ಒಳ್ಳೆ ಕಂಪನಿಯ ಮೋಟಾರ್ 1,650 ರೂಪಾಯಿ. ಜೊತೆಗೆ ತಳದ ಜಾಲರಿ, ಹೊಸ ರಬ್ಬರ್ ರಿಂಗ್ ಸೇರಿ ಇನ್ನೊಂದು 280. ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಸೇರಿದ ಪೆಟ್ರೋಲ್. ನಮ್ಮ ಗಾಡಿಯ ಕಾಲದ ರಬ್ಬರನ್ನು ಅದಕ್ಕಂತ ಮಾಡಿದ್ದಲ್ಲ. ಹಾಗಾಗಿ ಹಳೇ ರಿಂಗ್ ಮತ್ತೆ ಹಾಕಬೇಡಿ ಅಂತ ಅವರೇ ಹೇಳಿದರು. ಬ್ಯಾಟರಿಗೆ ಹಿಡಿದು ಒಂದ್ಸಲ ಓಡಿಸಿ ತೋರಿಸಿ ಅಂತ ನಾನು ಕೇಳಿದ್ದಕ್ಕೆ ಒಪ್ಪಲಿಲ್ಲ. ಈ ಮೋಟಾರನ್ನು ತಂಪಾಗಿಡುವುದು, ನುಣುಪಾಗಿ ತಿರುಗಿಸುವುದು ಎರಡೂ ಪೆಟ್ರೋಲೇ, ಪೆಟ್ರೋಲ್ ಇಲ್ಲದೆ ಓಡಿಸಿದರೆ ಹೊಸದೇ ಹಾಳಾಗುತ್ತದೆ ಅಂದರು. ಆಗ ನನಗೆ ಹೊಳೆಯಿತು. ನಾನು ವರ್ಷಗಟ್ಟಲೆ ರಿಸರ್ವಿನಲ್ಲೇ ಗಾಡಿ ಓಡಿಸಿದವಳು. ಟ್ಯಾಂಕಿನಲ್ಲಿ ಪೆಟ್ರೋಲ್ ತಳ ಹಿಡಿದರೆ ಪಂಪ್ ಬಿಸಿಯಾಗುತ್ತಲೇ ಇರುತ್ತದೆ. ಈಗ ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಯೋಕೆ ಬಿಡುತ್ತಿಲ್ಲ.

ಭಾನುವಾರ ಬೆಳಿಗ್ಗೆ ಕೆಲಸ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಕಡೆ ಬಚ್ಚಲೊಲೆ ಇರುತ್ತದಲ್ವಾ, ಬೂದಿ ಕೆದಕಿದರೆ ಮಧ್ಯಾಹ್ನದವರೆಗೂ ಕೆಂಡ ಇರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ, ತಗ್ಗಿಗೆ ಇಳಿಯುತ್ತದೆ. ನಮ್ಮ ಬಚ್ಚಲು ಅಂಗಳಕ್ಕಿಂತ ಎರಡು ಮೆಟ್ಟಿಲು ಕೆಳಗೆ. ಹಾಗಾಗಿ ಆವತ್ತು ಒಲೆ ಹಚ್ಚಲೇ ಇಲ್ಲ, ಹಿಂದಿನ ದಿನದ ಕೆಂಡಕ್ಕೂ ನೀರು ಹೊಯ್ದೆ. ಗಾಡಿಯನ್ನು ತೋಟದ ಕಡೆಯ ಬಯಲಿಗೆ ತಳ್ಳಿದೆವು. ದೇವರ ದೀಪ, ಊದಿನಕಡ್ಡಿ, ಗ್ಯಾಸ್ ಎಲ್ಲ ಬಂದ್. ಪಕ್ಕದಲ್ಲಿ ಒಂದು ಬಕೆಟ್ ಮರಳು. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಬೆಂಕಿ ನೀರಿನ ಮೇಲೆ ತೇಲಿಕೊಂಡು ಹರಡುತ್ತದೆ.

ಇನ್ನೊಂದು ವಿಷಯ ಒತ್ತಡ. ಎಂಪಿಎಫ್ಐ, ಅಂದರೆ ಎಂಜಿನ್ನಿಗೆ ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ಗಾಡಿಗಳ ಪೈಪಿನಲ್ಲಿ ಸಾಮಾನ್ಯವಾಗಿ 3 ಬಾರ್ ಆಸುಪಾಸು ಒತ್ತಡ ಇರುತ್ತದೆ. ಟೈರಿಗೆ ನಾವು ಹಿಡಿಸುವ ಗಾಳಿಗಿಂತ ಜಾಸ್ತಿ. ಸುಮ್ನೆ ಪೈಪ್ ಕಿತ್ತರೆ ಪೆಟ್ರೋಲ್ ಮುಖಕ್ಕೇ ಹಾರುತ್ತದೆ. ಪಂಪ್ ಓಡುತ್ತಿದ್ದರೆ ಅದರ ಕನೆಕ್ಟರ್ ಬಿಚ್ಚಿ, ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಬೇಕು. ನಮ್ಮದು ಚಪ್ಪಲಿ ಏಟಿಗೆ ಇನ್ನೊಂದು ಸಲ ಸ್ಟಾರ್ಟ್ ಆಯಿತು, ಹಾಗೇ ಮಾಡಿದೆವು. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದೆವು. ಇಷ್ಟಾದ ಮೇಲೂ ಪೈಪಿನ ಸುತ್ತ ಬಟ್ಟೆ ಹಿಡಿದೇ ಬಿಚ್ಚಿದ್ದು. ಒಂದು ಲೋಟದಷ್ಟು ಬಂತು.

ಮೊದಲ ದಿನ ತೆಗೆಯುವಾಗ ಮುಚ್ಚಳದ ಸ್ಕ್ರೂಗಳು ತುಕ್ಕು ಹಿಡಿದಿದ್ದವು. ನಮ್ಮ ಮಳೆಗೆ ಹಿಡಿಯದೆ ಇರುತ್ತದಾ? ಎಣ್ಣೆ ಬಿಟ್ಟಿದ್ದಕ್ಕೆ ಬಂದವು. ಮುಚ್ಚಳದ ಕೆಳಗೆ ಪಂಪಿನ ತಲೆಯ ಮೇಲೆ ಹದಿನೆಂಟು ವರ್ಷದ ಕೆಂಪು ಧೂಳು, ಹೆಪ್ಪುಗಟ್ಟಿ ಕೂತಿತ್ತು. ಅದನ್ನು ಹಾಗೇ ಬಿಟ್ಟು ಬೋಲ್ಟ್ ತೆಗೆದರೆ ಅಷ್ಟೂ ಟ್ಯಾಂಕಿಗೆ ಬೀಳುತ್ತದೆ. ಹಳೇ ಹಲ್ಲುಜ್ಜುವ ಬ್ರಶ್, ಒದ್ದೆ ಬಟ್ಟೆ ಹಿಡಿದು ಈ ಒರೆಸುವ ಕೆಲಸಕ್ಕೇ ನಲವತ್ತು ನಿಮಿಷ ಕೊಟ್ಟೆ. ಪೂರ್ತಿ ಕೆಲಸದಲ್ಲಿ ಇದೇ ಮುಖ್ಯ ಅಂತ ನನಗೆ ಅನ್ನಿಸುತ್ತದೆ.

ಪೈಪಿನ ತುದಿಯ ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಒಂದು ಎಡವಟ್ಟಾಯಿತು. ಎರಡೂ ಕಿವಿ ಒಟ್ಟಿಗೆ ಒತ್ತಿ, ಪೈಪನ್ನು ಮೊದಲು ಒಳಗೆ ತಳ್ಳಿ, ಆಮೇಲೆ ಎಳೆಯಬೇಕು. ನಾನು ನೇರ ಎಳೆದೆ. ವಯಸ್ಸಾದ ಪ್ಲಾಸ್ಟಿಕ್ಕು, ಒಣ ಹಪ್ಪಳದ ಹಾಗೆ ಒಂದು ಕಿವಿ ಮುರಿಯಿತು. ಹೊಸ ಕ್ಲಿಪ್ 40 ರೂಪಾಯಿ, ಆದರೆ ಅದಕ್ಕಾಗಿ ಹುಡುಗ ಪೇಟೆಗೆ ಹೋಗಿ ಬರಬೇಕಾಯಿತು. ಮೋಟಾರ್ ತರುವಾಗಲೇ ಒಂದು ಕ್ಲಿಪ್ ತಂದಿಟ್ಟುಕೊಳ್ಳಿ.

ಪಂಪನ್ನು ನೆಟ್ಟಗೆ ಎತ್ತಿದರೆ ಬರುವುದಿಲ್ಲ. ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟಿನ ಕಡ್ಡಿ ಸಿಕ್ಕಿಕೊಳ್ಳುತ್ತದೆ. ಓರೆ ಮಾಡಿ, ಸ್ವಲ್ಪ ತಿರುಗಿಸಿ ತೆಗೆಯಬೇಕು. ಕಡ್ಡಿ ಬಗ್ಗಿದರೆ ಆಮೇಲೆ ಮೀಟರ್ ಸುಳ್ಳು ಹೇಳುತ್ತದೆ. ತಳದ ಜಾಲರಿ ಬಿಳಿ ಇರಬೇಕಾದದ್ದು, ಕಾಫಿ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಹುಡುಗ ಮೋಟಾರ್ ಬದಲಿಸುವಷ್ಟು ಹೊತ್ತೂ ಟ್ಯಾಂಕಿನ ಬಾಯಿಗೆ ಒಗೆದ ಹತ್ತಿ ಪಂಚೆ ಮುಚ್ಚಿದ್ದೆ. ಹಳೇ ಮೋಟಾರಿನ ವೈರ್ ಯಾವ ಕಡೆ ಇತ್ತು ಅಂತ ಫೋಟೋ ಇದ್ದದ್ದು ಒಳ್ಳೆಯದಾಯಿತು.

ವಾಪಸ್ ಹಾಕುವಾಗ ಬೋಲ್ಟ್‌ಗಳನ್ನು ಎದುರೆದುರು ಸ್ವಲ್ಪ ಸ್ವಲ್ಪ ಬಿಗಿ ಮಾಡಿದೆವು. ಒಂದೇ ಕಡೆ ಬಿಗಿದರೆ ರಬ್ಬರ್ ರಿಂಗ್ ಸೊಟ್ಟಗೆ ಕೂರುತ್ತದೆ, ಫುಲ್ ಟ್ಯಾಂಕ್ ಮಾಡಿದ ದಿನ ಗಾಡಿಯೆಲ್ಲ ಪೆಟ್ರೋಲ್ ವಾಸನೆ. ಬ್ಯಾಟರಿ ಜೋಡಿಸಿ ಕೀ ಆನ್ ಮಾಡಿದೆ. 'ಗುಂಯ್'. ನನಗೆ ಖುಷಿಗೆ ಮಾತೇ ಬರಲಿಲ್ಲ. ಮೂರು ಸಲ ಕೀ ಆನ್ ಆಫ್ ಮಾಡಿ, ಪೈಪಿನ ಸುತ್ತ ಬೆರಳಾಡಿಸಿ ಒಣಗಿದೆ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಸೆಲ್ಫ್. ಒಂದೇ ಸಲಕ್ಕೆ ಹಿಡಿಯಿತು.

ಒಟ್ಟು ಖರ್ಚು 1,970 ರೂಪಾಯಿ, ಬಸ್ ಚಾರ್ಜ್ ಬಿಟ್ಟು. ಸಮಯ ನಾಲ್ಕೂವರೆ ಗಂಟೆ, ಪೇಟೆಗೆ ಹೋಗಿ ಬಂದದ್ದೂ ಸೇರಿ. ಜೊತೆಗೆ ಕೆಲಸ ಗೊತ್ತಿದ್ದ ಒಬ್ಬರು ಇಲ್ಲದಿದ್ದರೆ, ಬಯಲು ಜಾಗ ಇಲ್ಲದಿದ್ದರೆ ಕೈ ಹಾಕಬೇಡಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಂತೂ ಬೇಡವೇ ಬೇಡ. ಹಳೇ ಗಾಡಿ ಕೊಳ್ಳುವವರು ಟೈರ್, ಎಂಜಿನ್ ನೋಡುವ ಜೊತೆಗೆ ಹಿಂದಿನ ಸೀಟನ್ನೂ ಒಂದ್ಸಲ ಎತ್ತಿ ನೋಡಿ.

ಮುಚ್ಚಳಕ್ಕೆ ಸುತ್ತ ಹೊಸ ಗಮ್ ಹಚ್ಚಿ ಕೂರಿಸಿದ್ದೇವೆ. ಕೂರಿಸುವ ಮೊದಲು ಅದರ ಒಳಮೈಯಲ್ಲಿ ಮಾರ್ಕರಿನಿಂದ ತಾರೀಖು, ಕಿ.ಮೀ., ಮೋಟಾರಿನ ನಂಬರ್ ಬರೆದೆ. ಮುಂದೆ ಇದನ್ನು ತೆಗೆಯುವವರಿಗೆ ಬೇಕಾಗುತ್ತದೆ.