ಎಐ ಬರೆದ ಒಡವೆಗೆ ಮುಂಗಡ ಕೊಡುವ ಮುನ್ನ ತೂಕ ಬರೆಸಿಕೊಳ್ಳಿ

ಮದುವೆಯ ಹಂಗಾಮು ಹತ್ತಿರ ಬರುತ್ತಿದೆ. ಕಲಬುರಗಿಯಲ್ಲಿ ಬಂಗಾರ ಮಾಡಿಸಲು ಹೊರಟವರು ಇದನ್ನೊಮ್ಮೆ ಓದಿಕೊಂಡು ಹೊರಡಿ. ಈಗ ಕೆಲವು ಅಂಗಡಿಗಳಲ್ಲಿ ಹಳೆಯ ಆಲ್ಬಮ್ ತೆಗೆಯುವುದೇ ಇಲ್ಲ. ಟ್ಯಾಬ್ ಮುಂದಿಟ್ಟು, "ಮನಸ್ಸಿನಲ್ಲಿ ಏನಿದೆ ಹೇಳಿ ಅಕ್ಕಾ, ಎಐ ಬರೆದು ತೋರಿಸುತ್ತದೆ" ಎನ್ನುತ್ತಾರೆ. ತೋರಿಸಲಿ, ಅದರಲ್ಲಿ ತಪ್ಪೇನಿಲ್ಲ. ಆ ಚಿತ್ರ ನೋಡಿಯೇ ತೂಕ ಹೇಳಿ, ಮುಂಗಡ ಇಸಿದುಕೊಂಡು, ಕೊನೆಗೆ ಬೇರೆಯದೇ ಒಡವೆಯನ್ನು ಕೈಗಿಡುತ್ತಾರಲ್ಲ, ನನ್ನ ತಕರಾರು ಅದರ ಬಗ್ಗೆ.

ನಮ್ಮ ಮಗಳ ಮದುವೆಗೆ ಬೇಕಾಗಿದ್ದದ್ದು ಬೋರಮಾಳ ಎಂಬ ಬಂಗಾರದ ಗುಂಡಿನ ಸರವೊಂದು, ಒಂದು ಜೊತೆ ಜುಮಕಿ. ಬೋರಮಾಳಕ್ಕೆ ಲಕ್ಷ್ಮಿಯ ಪದಕ ಇರಬೇಕು, ಪದಕದ ಕೆಳಗೆ ಸಣ್ಣ ಗೆಜ್ಜೆ ತೂಗಬೇಕು ಎಂಬುದು ಅವಳ ಆಸೆ. ಅಂಗಡಿಯ ಹುಡುಗ ಹೇಳಿದ್ದನ್ನೆಲ್ಲ ಟೈಪ್ ಮಾಡಿದ. ಚಹಾ ಬರುವುದರೊಳಗೆ ನಾಲ್ಕು ಚಿತ್ರ ಬಂದವು. ಸುಳ್ಳೇಕೆ ಹೇಳಲಿ, ಅದರಲ್ಲೊಂದು ಕಣ್ಣು ಕೀಳಲಾಗದಷ್ಟು ಚೆಂದವಿತ್ತು. ಮಾಲೀಕರು ಅದನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿ, "ಎರಡೂ ಸೇರಿ ಮೂರೂವರೆ ತೊಲದಲ್ಲಿ ಮುಗಿಯುತ್ತದೆ" ಎಂದರು. ಚೀಟಿಯಲ್ಲಿ ಬರೆದದ್ದು ಮಾತ್ರ ಮುಂಗಡದ ಮೊತ್ತ ಮತ್ತು 'ಡಿಸೈನ್ ಪ್ರಕಾರ' ಎಂಬ ಎರಡು ಪದ.

ಒಡವೆ ಬಂದಾಗ ತಕ್ಕಡಿ ಐದು ತೊಲದ ಹತ್ತಿರ ನಿಂತಿತು. ಗೆಜ್ಜೆ ತೂಗುತ್ತಿರಲಿಲ್ಲ, ಪದಕದ ಅಂಚಿಗೆ ಬೆಸೆದು ಕೂರಿಸಿದ್ದರು. ಲಕ್ಷ್ಮಿ ದಪ್ಪ ಬಿಲ್ಲೆಯ ಮೇಲೆ ಒತ್ತಿದ ಅಚ್ಚಿನಂತಿದ್ದಳು. ಕೇಳಿದರೆ, "ಚಿತ್ರದಲ್ಲಿ ಇದ್ದ ಹಾಗೆ ಯಾರಿಂದಲೂ ಮಾಡಲಾಗುವುದಿಲ್ಲ, ಅದು ಬರೀ ಐಡಿಯಾ" ಎಂಬ ಉತ್ತರ. ಹಾಗಾದರೆ ಬೇಡ ಎಂದರೆ, ಡಿಸೈನ್ ಖರ್ಚು ಮತ್ತು ಮಜೂರಿ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರಂತೆ. ಒಂದೂವರೆ ತೊಲ ಹೆಚ್ಚಾದರೆ ಇವತ್ತಿನ ದರದಲ್ಲಿ ಏನಾಗುತ್ತದೆ ಎಂದು ಯಾವ ಮನೆಗೂ ಬಿಡಿಸಿ ಹೇಳಬೇಕಿಲ್ಲ. ಮಜೂರಿಯನ್ನೂ ಬಂಗಾರದ ಬೆಲೆಯ ಶೇಕಡಾವಾರಿನಲ್ಲಿ ಹಾಕುವುದರಿಂದ ತೂಕದ ಜೊತೆಗೆ ಅದೂ ಏರುತ್ತದೆ, ಅದರ ಮೇಲೆ ಜಿಎಸ್‌ಟಿ. ಐಡಿಯಾಕ್ಕೆ ಖರ್ಚು ಹಾಕುವವರು ಐಡಿಯಾದ ತೂಕಕ್ಕೂ ಜವಾಬ್ದಾರರಾಗಬೇಕಲ್ಲವೇ?

ಆ ಚಿತ್ರವನ್ನು ನಮ್ಮ ಮಾವನವರ ಕಾಲದಿಂದ ಪರಿಚಯವಿದ್ದ ಹಿರಿಯ ಪತ್ತಾರರೊಬ್ಬರಿಗೆ ತೋರಿಸಿದೆವು. ಅವರು ಮೊಬೈಲನ್ನು ಬೆಳಕಿಗೆ ಹಿಡಿದು ಕೇಳಿದ ಮೊದಲ ಮಾತು, "ತಂಗಿ, ಇದರ ಕೊಂಡಿ ಎಲ್ಲಿದೆ?" ಕೊಂಡಿ ಇರಲೇ ಇಲ್ಲ. ಆಮೇಲೆ ಒಂದೊಂದಾಗಿ ಬೆರಳಿಟ್ಟು ತೋರಿಸಿದರು. ಎಡಗಡೆ ಗುಂಡುಗಳು ಒಂದೆಳೆಯಲ್ಲಿದ್ದರೆ ಬಲಗಡೆ ಅದೇ ಸರ ಎರಡೆಳೆಯಾಗಿತ್ತು. ಒಂದು ಗುಂಡು ಪಕ್ಕದ ಗುಂಡಿನೊಳಗೆ ಅರ್ಧ ಕರಗಿಹೋಗಿತ್ತು. ಎರಡು ಗೆಜ್ಜೆಗಳು ಯಾವುದಕ್ಕೂ ಅಂಟಿಕೊಳ್ಳದೆ ಗಾಳಿಯಲ್ಲಿ ನಿಂತಿದ್ದವು. ಲಕ್ಷ್ಮಿಯ ಕೈಯಲ್ಲಿದ್ದ ಕಮಲದ ದಂಟು ಕೆಳಗಿಳಿಯುತ್ತ ಅವಳ ಬಳೆಯಾಗಿಬಿಟ್ಟಿತ್ತು. ಜುಮಕಿಗಳಲ್ಲಿ ಒಂದಕ್ಕೆ ತಿರುಪು ಇತ್ತು, ಇನ್ನೊಂದು ಕಿವಿಗೆ ಹೇಗೆ ನಿಲ್ಲಬೇಕೋ ಆ ದೇವರೇ ಬಲ್ಲ. "ಬೆಸುಗೆ ಎಲ್ಲಿ ಹಾಕಬೇಕು ಅನ್ನುವುದೇ ತಿಳಿಯದಿದ್ದರೆ ತೂಕ ಯಾರು ಹೇಳುತ್ತಾರೆ?" ಎಂದು ಮೊಬೈಲ್ ವಾಪಸ್ ಕೊಟ್ಟರು.

ಇಂಥ ತಂತ್ರಾಂಶಗಳು ಲೆಕ್ಕವಿಲ್ಲದಷ್ಟು ಫೋಟೋಗಳನ್ನೂ ಅವುಗಳ ವಿವರಣೆಗಳನ್ನೂ ನೋಡಿ ಕಲಿತಿರುತ್ತವೆ. ಚುಕ್ಕೆಚುಕ್ಕೆಯ ಗದ್ದಲದಿಂದ ಶುರುಮಾಡಿ, ಒಡವೆಯ ಫೋಟೋದಂತೆ ಕಾಣುವವರೆಗೆ ಅದನ್ನು ತಿಳಿಮಾಡುತ್ತಾ ಹೋಗುತ್ತವೆ. ಬಂಗಾರ ಹೇಗೆ ಹೊಳೆಯುತ್ತದೆ ಎಂಬುದು ಅವಕ್ಕೆ ಗೊತ್ತು, ತಗಡು ಎಷ್ಟು ದಪ್ಪ ಎಂಬುದು ಗೊತ್ತಿಲ್ಲ. ಬೋರಮಾಳದ ಗುಂಡುಗಳು ಒಳಗೆ ಟೊಳ್ಳು, ತೆಳು ತಗಡಿನ ಒಳಗೆ ಅರಗು ತುಂಬಿರುತ್ತಾರೆ. ಗಟ್ಟಿ ಗುಂಡಾದರೂ ಚಿತ್ರದಲ್ಲಿ ಕಾಣುವುದು ಹಾಗೆಯೇ, ತೂಕ ಮಾತ್ರ ಎಷ್ಟೋ ಪಟ್ಟು. ಅನುಮಾನವಿದ್ದರೆ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ: ಅದೇ ಒಡವೆಯ ಹಿಂಬದಿ ತೋರಿಸಲು ಹೇಳಿ. ಬಹುಮಟ್ಟಿಗೆ ಬೇರೊಂದು ಒಡವೆಯ ಬೆನ್ನು ಬರುತ್ತದೆ.

ಇದಕ್ಕೂ ಕ್ಯಾಡ್ ವಿನ್ಯಾಸಕ್ಕೂ, ಅಂದರೆ ಕಂಪ್ಯೂಟರಿನಲ್ಲಿ ಅಳತೆಯಿಟ್ಟು ಮಾಡುವ ವಿನ್ಯಾಸಕ್ಕೂ, ಅಜಗಜಾಂತರ. ಕ್ಯಾಡ್‌ನಲ್ಲಿ ಪ್ರತಿ ಭಾಗಕ್ಕೂ ಮಿಲಿಮೀಟರ್ ಅಳತೆ ಇರುತ್ತದೆ, ಅದರಿಂದ ಒಟ್ಟು ಗಾತ್ರ ಸಿಗುತ್ತದೆ. 22 ಕ್ಯಾರೆಟ್ ಚಿನ್ನ ಒಂದು ಘನ ಸೆಂಟಿಮೀಟರಿಗೆ ಸುಮಾರು 17ರಿಂದ 18 ಗ್ರಾಂ ತೂಗುವುದರಿಂದ, ಮೇಣದ ಅಚ್ಚು ತೆಗೆಯುವ ಮೊದಲೇ ತೂಕ ಹೇಳಬಹುದು. ನಮಗೆ ತೋರಿಸಿದ್ದು ಎಐ ಚಿತ್ರ, ಆಡಿದ್ದು ಕ್ಯಾಡ್ ಇದ್ದವರ ಮಾತು.

ಬೀದರ್ ಕಡೆಯವರಿಗೂ ಒಂದು ಮಾತು. ಬಿದರಿ ಪದಕ, ಬಿದರಿ ಓಲೆ ಎಂದು ಮೊಬೈಲಿನಲ್ಲಿ ಹರಿದಾಡುವ ಚಿತ್ರಗಳನ್ನು ಗಮನವಿಟ್ಟು ನೋಡಿ. ಕುತೂಹಲಕ್ಕೆ ನಾನೂ ಬರೆಸಿ ನೋಡಿದೆ. ಕಪ್ಪು ತಟ್ಟೆಯ ಮೇಲೆ ಬೆಳ್ಳಿಯ ಬಳ್ಳಿ ಉಬ್ಬಿಕೊಂಡು ನಿಂತಿತ್ತು. ನಿಜವಾದ ಬಿದರಿಯಲ್ಲಿ ಸತು ಮತ್ತು ತುಸು ತಾಮ್ರದ ಎರಕದಲ್ಲಿ ಗೀರು ಕೊರೆದು, ಬೆಳ್ಳಿಯ ತಂತಿಯನ್ನು ಅದರೊಳಗೆ ಬಡಿದು ಕೂರಿಸಿ ಉಜ್ಜಿ ಸಮ ಮಾಡುತ್ತಾರೆ. ಆಮೇಲೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಎಂಬ ಲವಣದ ದ್ರಾವಣದಲ್ಲಿ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಸಾಮಾನ್ಯವಾಗಿ ಬೆರಳಾಡಿಸಿದರೆ ಬಳ್ಳಿ ಕೈಗೆ ತಗಲುವುದಿಲ್ಲ. ಉಬ್ಬು ಬಳ್ಳಿಯ ಚಿತ್ರ ಹಾಕಿ ಬಿದರಿ ಎಂದು ಮಾರುವವರಿಗೆ ದುಡ್ಡು ಕಳುಹಿಸುವ ಮುನ್ನ, ಕೈಯಲ್ಲಿ ಹಿಡಿದ ಒಡವೆಯ ವಿಡಿಯೊ ಕೇಳಿ.

ಹಾಲ್‌ಮಾರ್ಕ್ ವಿಷಯಕ್ಕೂ ಅಂಗಡಿಯವರ ಬಳಿ ಉತ್ತರ ಸಿದ್ಧವಿತ್ತು: "ಡಿಸೈನ್ ಕುಂದಣದ್ದು, ಅದಕ್ಕೆ ಬೇಕಾಗಿಲ್ಲ." ಕುಂದಣ, ಪೋಲ್ಕಿ, ಜಡಾವು ಒಡವೆಗಳಿಗೆ ವಿನಾಯಿತಿ ಇರುವುದು ನಿಜ. ನಮ್ಮ ಪದಕದಲ್ಲಿ ಇದ್ದದ್ದು ಅಂಟಿಸಿದ ನಾಲ್ಕು ಕೆಂಪು ಹರಳು, ಶುದ್ಧ ಬಂಗಾರದ ತೆಳುಹಾಳೆಯಲ್ಲಿ ಹರಳು ಕೂರಿಸುವ ಕುಂದಣ ಅದಲ್ಲ. ಹಾಲ್‌ಮಾರ್ಕ್ ಕಡ್ಡಾಯದ ಆದೇಶ 2021ರ ಜೂನ್‌ನಿಂದ ಹಂತಹಂತವಾಗಿ ಜಾರಿಗೆ ಬಂತು, 2023ರ ಏಪ್ರಿಲ್ 1ರಿಂದ ಒಂದೊಂದು ಒಡವೆಗೂ ಬೇರೆಬೇರೆಯಾದ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯೂ ಇರಲೇಬೇಕೆಂದಾಯಿತು. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಬಿಲ್ಲಿನಲ್ಲಿ ಬಂಗಾರದ ನಿವ್ವಳ ತೂಕ ಬೇರೆಯಾಗಿ ಬರಬೇಕು. ಅರಗಿಗೂ ಗಾಜಿನ ಹರಳಿಗೂ ಬಂಗಾರದ ದರ ಕೊಡಬೇಡಿ.

ಇಷ್ಟಾದ ಮೇಲೂ ಎಐ ಚಿತ್ರ ಮನಸ್ಸಿಗೆ ಹಿಡಿಸಿದರೆ, ಅದನ್ನು ಒಡವೆ ಮಾಡುವ ಪತ್ತಾರರಿಗೇ ತೋರಿಸಿ, ಅವರಿಂದ ಮುಂದೆ ಹಿಂದೆ ಎರಡೂ ಕಡೆಯ ನಕ್ಷೆ ಬರೆಸಿ ಮುಂಗಡ ಕೊಡಿ. ಚೀಟಿಯಲ್ಲಿ ಗರಿಷ್ಠ ತೂಕ, ಮಜೂರಿಯ ದರ, ತೂಕ ಮೀರಿದರೆ ಒಡವೆ ಬಿಡುವ ಹಕ್ಕು, ಮೂರೂ ಇರಲಿ. ತೂಕವನ್ನು ಗ್ರಾಂನಲ್ಲೇ ಬರೆಸಿ. ಬಜಾರಿನ ತೊಲ 10 ಗ್ರಾಂ, ಹಳೆಯ ತೊಲ 11.66 ಗ್ರಾಂ, ಜಗಳ ಬಂದಾಗ ಎರಡೂ ಹೊರಬರುತ್ತವೆ.

ನಾವು ಒಡವೆ ಬಿಟ್ಟು ಬಂದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಅಲ್ಲಿ ಶುಲ್ಕವಿಲ್ಲ. ನಮ್ಮ ಕೈಯಲ್ಲಿ ಸದ್ಯ ಇರುವ ಗಟ್ಟಿ ಸಾಕ್ಷಿ ಎಂದರೆ ಚಿತ್ರದ ಜೊತೆ ಅಂಗಡಿಯವರು ಕಳುಹಿಸಿದ 'ಇದೇ ಡಿಸೈನ್, ಮೂರೂವರೆ ತೊಲ' ಎಂಬ ವಾಟ್ಸ್ಆ್ಯಪ್ ಸಂದೇಶ. ಈಗಾಗಲೇ ಮುಂಗಡ ಕೊಟ್ಟವರಿದ್ದರೆ ಇವತ್ತೇ ತೂಕ ಕೇಳಿ ಒಂದು ಸಂದೇಶ ಹಾಕಿ, ಬಂದ ಉತ್ತರವನ್ನು ಅಳಿಸಬೇಡಿ.