ಚೆಕ್ ಎಂಜಿನ್ ಲೈಟ್: ಸರ್ವಿಸ್ ಸೆಂಟರ್, ಏರಿಯಾ ಗ್ಯಾರೇಜ್, ಇಲ್ಲಾ ನಮ್ಮದೇ ಸ್ಕ್ಯಾನರ್?

ಮೊದಲು ಒಂದು ಮಾತು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ತೊಂದರೆ ತೋರಿಸುವ ಈ ಹಳದಿ ದೀಪ ಒಂದೇ ಸಮ ಉರಿಯುತ್ತಿದ್ದು, ಗಾಡಿ ಸರಿಯಾಗೇ ಓಡುತ್ತಿದ್ದರೆ ನಾಲ್ಕು ಕಡೆ ವಿಚಾರಿಸೋಕೆ ಟೈಮ್ ಇರುತ್ತದೆ. ಮಿಣುಕುತ್ತಿದ್ದರೆ ಇಲ್ಲ. ಮಿಣುಕುವುದು ಅಂದರೆ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಜೋರಾಗಿದೆ, ಉರಿಯದ ಪೆಟ್ರೋಲ್ ಹಾಗೇ ಹೊಗೆ ಪೈಪಿಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಅಂತ. ತಕ್ಷಣ ಪಕ್ಕಕ್ಕೆ ಹಾಕಿ ನಿಲ್ಲಿಸಿ. ಆ ಕನ್ವರ್ಟರ್ ಬದಲಿಸುವ ಖರ್ಚಿನ ಮುಂದೆ ಇಲ್ಲಿ ಹೇಳಿರುವುದೆಲ್ಲ ಚಿಲ್ಲರೆ ಕಾಸು.

ನಮ್ಮದು 2014ರ ಮೂರು ಸಿಲಿಂಡರ್ ಪೆಟ್ರೋಲ್ ಕಾರು, ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿನಾ ಓಡುತ್ತದೆ. ದೀಪ ಬಂತು, ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ನಡುಗೋಕೆ ಶುರುವಾಯ್ತು. ಒಂದೇ ತೊಂದರೆಗೆ ಮೂರೂ ಕಡೆ ತೋರಿಸಿದೆ.

ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನ್ ಮಾಡೋಕೇ ಸುಮಾರು 700 ರೂಪಾಯಿ. ಅವರ ಯಂತ್ರ ಒಳ್ಳೆಯದೇ, ಎಂಜಿನ್ ಜೊತೆಗೆ ಎಬಿಎಸ್, ಏರ್‌ಬ್ಯಾಗ್ ಎಲ್ಲವನ್ನೂ ಓದುತ್ತದೆ. ಆದರೆ ನನ್ನ ಕೈಗೆ ಬಂದದ್ದು ಎಸ್ಟಿಮೇಟ್ ಮಾತ್ರ: ಮೂರು ಇಗ್ನಿಷನ್ ಕಾಯಿಲ್ (ಪ್ಲಗ್‌ನಲ್ಲಿ ಕಿಡಿ ಹಾರಿಸೋಕೆ ಕರೆಂಟ್ ಕೊಡೋ ಭಾಗ), ಮೂರು ಪ್ಲಗ್, ಥ್ರಾಟಲ್ ಬಾಡಿ ಕ್ಲೀನಿಂಗ್. ಕಾರಿನ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್ ಯಾವುದು ಅಂತ ನಾನೇ ಕೇಳಿ ಬರೆಸಿಕೊಳ್ಳಬೇಕಾಯಿತು. ಪಿ0301. ಅಂದರೆ ಒಂದನೇ ಸಿಲಿಂಡರ್ ಮಿಸ್ ಆಗುತ್ತಿದೆ, ಅಷ್ಟೇ. ಉಳಿದ ಎರಡರ ತಂಟೆಗೆ ಯಾಕೆ ಹೋಗಬೇಕು?

ಏರಿಯಾ ಗ್ಯಾರೇಜ್‌ನಲ್ಲಿ ಸ್ಕ್ಯಾನ್‌ಗೆ 300 ರೂಪಾಯಿ, ಕೆಲಸ ಅಲ್ಲೇ ಮಾಡಿಸಿದರೆ ಅದೂ ಇಲ್ಲ. ಮೆಕ್ಯಾನಿಕ್ ಅಣ್ಣ ಸದ್ದು ಕೇಳಿಯೇ "ಒಂದು ಸಿಲಿಂಡರ್ ಹೊಡೀತಿಲ್ಲ ಸಾರ್" ಅಂದರು. ಈ ಕಿವಿ ಯಾವ ಸ್ಕ್ಯಾನರಿಗೂ ಇಲ್ಲ. ಒಂದೇ ಭಯ ಏನಂದರೆ, ಕೆಲವು ಕಡೆ ಬ್ಯಾಟರಿ ಟರ್ಮಿನಲ್ ಬಿಚ್ಚಿ ದೀಪ ಆರಿಸಿ ಕಳಿಸಿಬಿಡುತ್ತಾರೆ. ದೀಪ ಹೋಗುತ್ತದೆ, ಕಾಯಿಲೆ ಹೋಗಲ್ಲ. ತೊಂದರೆ ಬಂದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು ಅಂತ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹಿಡಿದಿಟ್ಟುಕೊಂಡ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತದೆ. ಹಾಗಾಗಿ ಎಲ್ಲಿಗೇ ಹೋಗಲಿ, "ಅಣ್ಣಾ, ಅಳಿಸಬೇಡಿ, ಮೊದಲು ಫೋಟೋ ತಗೋತೀನಿ" ಅಂತ ಹೇಳಿಬಿಡಿ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಇಎಲ್ಎಂ327 ಅನ್ನೋ ಬ್ಲೂಟೂತ್ ಅಡಾಪ್ಟರ್, 600 ರೂಪಾಯಿಗೆ ಸಿಕ್ಕಿತು. ಸ್ಟಿಯರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತದೆ, ಅಲ್ಲಿಗೆ ಚುಚ್ಚಿ, ಫೋನಿನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ಹಾಕಿಕೊಂಡರೆ ಮುಗಿಯಿತು. ಆಂಡ್ರಾಯ್ಡ್‌ಗೆ ಮಾಮೂಲಿ ಬ್ಲೂಟೂತ್ ಸಾಕು. ಐಫೋನ್ ಇದ್ದವರು ವೈಫೈ ಇರೋದು ಅಥವಾ ಬ್ಲೂಟೂತ್ ಎಲ್‌ಇ ಇರೋದನ್ನೇ ನೋಡಿ ತಗೊಳ್ಳಿ. ಕೆಲಸ ಆದ ಮೇಲೆ ಕಿತ್ತಿಡಿ, ಆ ಸಾಕೆಟ್‌ಗೆ ಗಾಡಿ ಆಫ್ ಇದ್ದರೂ ಕರೆಂಟ್ ಬರುತ್ತಲೇ ಇರುತ್ತದೆ, ಬ್ಯಾಟರಿ ಇಳಿಯುತ್ತದೆ.

ಇಲ್ಲೂ ಅದೇ ಪಿ0301. ಆದರೆ ಈಗ ಕೋಡ್ ನನ್ನ ಕೈಯಲ್ಲಿದೆ, ಎಷ್ಟು ಸಲ ಬೇಕಾದರೂ ನೋಡಬಹುದು. ಎಂಜಿನ್ ತಣ್ಣಗಾಗಲು ಬಿಟ್ಟು, 10ನೇ ನಂಬರ್ ಸ್ಪ್ಯಾನರ್‌ನಲ್ಲಿ ಬೋಲ್ಟ್ ಬಿಚ್ಚಿ, ಒಂದನೇ ಸಿಲಿಂಡರ್ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದನ್ನು ಒಂದಕ್ಕೂ ಹಾಕಿದೆ. ಕೋಡ್ ಅಳಿಸಿ ಒಂದು ಸುತ್ತು ಹೊಡೆದು ಬಂದರೆ ಪಿ0302! ತೊಂದರೆ ಕಾಯಿಲ್ ಜೊತೆಗೇ ಪಕ್ಕದ ಮನೆಗೆ ಹೋಗಿತ್ತು. ಕೋಡ್ ಪಿ0301ರಲ್ಲೇ ನಿಂತಿದ್ದರೆ ಪ್ಲಗ್ಗೋ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರೋ ನೋಡಬೇಕಿತ್ತು. ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರೋಡ್‌ನಲ್ಲಿ ಒಂದೇ ಒಂದು ಕಾಯಿಲ್ ತಂದು ಹಾಕಿದೆ, ನಡುಕ ನಿಂತಿತು.

ಹಾಗಂತ ಅಡಾಪ್ಟರ್ ಇದ್ದರೆ ಮೆಕ್ಯಾನಿಕ್ ಬೇಡ ಅಂತಲ್ಲ. ಆಮೇಲೆ ಒಮ್ಮೆ ಪಿ0171 ಬಂತು, ಅಂದರೆ ಪೆಟ್ರೋಲ್‌ಗೆ ಹೋಲಿಸಿದರೆ ಗಾಳಿ ಜಾಸ್ತಿ. ಆ್ಯಪ್‌ನಲ್ಲಿ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು-ಕಮ್ಮಿ ಮಾಡುತ್ತಿದೆ ಅನ್ನೋ ಲೆಕ್ಕ) ನೋಡಿದೆ: ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, 20% ಮೇಲೆ, 2500 ಆರ್‌ಪಿಎಂಗೆ ಏರಿಸಿದರೆ ಹೆಚ್ಚುಕಮ್ಮಿ ಸರಿ. ಎಲ್ಲೋ ಗಾಳಿ ಸೋರುತ್ತಿದೆ ಅನ್ನೋದರ ಲಕ್ಷಣ ಇದು. ಎಲ್ಲಿ ಅಂತ ಮಾತ್ರ ಆ್ಯಪ್ ಹೇಳಲ್ಲ. ಗ್ಯಾರೇಜ್ ಅಣ್ಣ ಪೈಪುಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡುತ್ತಾ ಹೋಗಿ, ಎಂಜಿನ್‌ಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಹಿಂದೆ ಬಿರುಕು ಬಿಟ್ಟ ಸಣ್ಣ ರಬ್ಬರ್ ಪೈಪ್ ಹಿಡಿದರು. ಇದೇ ಕೋಡ್‌ಗೆ ಆಕ್ಸಿಜನ್ ಸೆನ್ಸರ್ ಬದಲಿಸಿಕೊಂಡು ದುಡ್ಡು ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಕೈಯಲ್ಲಿ ಸಾವಿರ ರೂಪಾಯಿ ಮಾತ್ರ ಇದ್ದರೆ ನನ್ನ ಲೆಕ್ಕ ಹೀಗೆ: ಅಡಾಪ್ಟರ್ ತಗೊಳ್ಳಿ, ಕೋಡ್ ಮತ್ತು ಫ್ರೀಜ್ ಫ್ರೇಮ್ ಸ್ಕ್ರೀನ್‌ಶಾಟ್ ಹಿಡಿದುಕೊಂಡು ನಂಬಿಕೆಯ ಗ್ಯಾರೇಜ್‌ಗೆ ಹೋಗಿ. 2013ಕ್ಕಿಂತ ಹಳೆಯ ಗಾಡಿಯಾದರೆ ಯಾರದ್ದಾದರೂ ಅಡಾಪ್ಟರ್ ಚುಚ್ಚಿ ಕನೆಕ್ಟ್ ಆಗುತ್ತಾ ನೋಡಿ, ಆಮೇಲೆ ಕೊಳ್ಳಿ. ಏರ್‌ಬ್ಯಾಗ್ ಅಥವಾ ಎಬಿಎಸ್ ದೀಪ ಬಂದಿದ್ದರೆ ಮಾತ್ರ ಈ 600 ರೂಪಾಯಿಯದ್ದನ್ನು ನಂಬಿ ಕೂರಬೇಡಿ, ನೇರ ಸರ್ವಿಸ್ ಸೆಂಟರ್‌ಗೆ ಹೋಗಿ.